ಗೋಡೆಯ ಕಣ್ಣಿಗೆ ಕಾಣದವರು

ಎಸಿ ರಿಪೇರಿಯವನಿಗೆ ಭೂತ ಸಿಗುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನನಗೆ ತಿಂಗಳಿಗೆ ಎರಡಾದರೂ ಸಿಗುತ್ತವೆ. ಶಾಲೆಗೆ ರಜೆ ಕೊಟ್ಟು ಜನ ಊರಿಗೆ ಹೋಗುವ ತಿಂಗಳಲ್ಲಿ ಮೂರು.

ನಾನು ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ಅದೂ ಮಾಸ್ಟ್ರು ಬಂದ ದಿನ ಮಾತ್ರ. ಆದರೆ ದುಬೈ, ಅಬುಧಾಬಿಯಲ್ಲಿ ನಾನು ಬಿಚ್ಚದ ಎಸಿ ಇಲ್ಲ. ಒಬ್ಬರು ದೊಡ್ಡವರ ಮನೆಯ ಗಿಡುಗದ ಕೋಣೆಗೆ ಎಸಿ ಹಾಕಿದವನು ನಾನು. ಆ ಹಕ್ಕಿ ಇವತ್ತಿಗೂ ನನ್ನನ್ನು ಕಂಡರೆ ತಲೆ ಬಗ್ಗಿಸುತ್ತದೆ. ಕೋಣೆಗೆ ಕಾಲಿಟ್ಟರೆ ಸಾಕು, ನನ್ನ ಎಡಕಿವಿಯ ತುದಿ ಡಿಗ್ರಿ ಹೇಳುತ್ತದೆ. ಅರ್ಧ ಡಿಗ್ರಿ ತಪ್ಪಿದ್ದಿಲ್ಲ.

ಈಗ ಕಿವಿ ಯಾರಿಗೂ ಬೇಡ. ಗೋಡೆಯಲ್ಲಿ ಸ್ಮಾರ್ಟ್ ಥರ್ಮೋಸ್ಟಾಟ್ ಅಂತ ಒಂದು ಡಬ್ಬಿ ಬಂದಿದೆ. ಅದಕ್ಕೆ ಕರಿ ಗಾಜಿನ ಒಂದು ಕಣ್ಣು. ಮನೆಯಲ್ಲಿ ಜನ ಕಂಡರೆ ಎಸಿ ಚಾಲೂ, ಕಾಣದಿದ್ದರೆ ಬಂದ್. ಯಾವ ಕೋಣೆಯಲ್ಲಿ ಎಷ್ಟು ಜನ ಇದ್ದಾರೆ, ಯಾರೂ ಇಲ್ಲವೋ ಎಂದು ಯಜಮಾನರ ಮೊಬೈಲಿಗೆ ಚಾಡಿ ಬೇರೆ. ಈ ಡಬ್ಬಿ ಬಂದ ಮೇಲೆಯೇ ಭೂತದ ಕಂಪ್ಲೇಂಟ್ ಜಾಸ್ತಿಯಾದದ್ದು.

ಕಳೆದ ಬೇಸಿಗೆಯಲ್ಲಿ ನಮ್ಮ ಮ್ಯಾನೇಜರ್ ನನ್ನನ್ನು ಕರೆದರು. ಮಂಗಳೂರಿನವರೇ, ನನ್ನ ಮಗನಿಗಿಂತ ಚಿಕ್ಕವರು.

"ಮೇಸ್ತ್ರಿ, ತಿಂಗಳ ಕೊನೆಗೆ ನಿಮ್ಮ ವೀಸಾ ಮುಗಿಯುತ್ತದೆ. ವಯಸ್ಸಾಯ್ತು, ಊರಿಗೆ ಕಳಿಸಿ ಅಂತಾರೆ ಮೇಲಿನವರು. ನಾಲ್ಕು ಮನೆಯ ಕಂಪ್ಲೇಂಟ್ ಉಂಟು. ಸರ್ಟಿಫಿಕೇಟ್ ಇದ್ದವರೆಲ್ಲ ಹೋಗಿ ಸೋತರು. ನಾಲ್ಕನ್ನೂ ನೀವು ಮುಗಿಸಿದರೆ ನಾನು ರಿನ್ಯೂಗೆ ಸಹಿ ಹಾಕ್ತೇನೆ. ಒಂದು ಉಳಿದರೂ ಟಿಕೆಟ್."

ಊರಿಗೆ ಹೋಗಿ ನಾನು ಎಂತ ಮಾಡಲಿ? ಅಲ್ಲಿ ಫ್ಯಾನಿನ ಸ್ಪೀಡು ಹೆಚ್ಚು ಮಾಡಲಿಕ್ಕೂ ಸೊಸೆಯನ್ನು ಕೇಳಬೇಕು. "ನಾಲ್ಕೇನಾ ಸಾರ್? ನಲವತ್ತು ಕೊಡಿ" ಅಂದೆ.

೧. ಇದ್ದೂ ಇಲ್ಲದ ಸಂಸಾರ

ಮೊದಲ ಮನೆ ಊದ್ ಮೇಥಾದಲ್ಲಿ, ಉಡುಪಿ ಕಡೆಯವರದ್ದು. ಮೂರು ಸಲ ಡಬ್ಬಿ ಬದಲಾಯಿಸಿದ್ದರು. ಮೂರೂ ಮಾರನೇ ದಿನವೇ ಕುರುಡು.

ನಾನು ಮೊದಲೇ ತಿಳಿಸದೆ ಬೆಳಿಗ್ಗೆ ಎಂಟಕ್ಕೇ ಹೋಗಿ ಬೆಲ್ ಮಾಡಿದೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಊರಿನಿಂದ ವಿಸಿಟ್ ವೀಸಾದಲ್ಲಿ ಬಂದ ಅತ್ತೆ. ಐದೂ ಜನ ಸೋಫಾದಲ್ಲಿ ಸಾಲಾಗಿ ಕೂತಿದ್ದರು. ನಾನು ಕೂತ ಎರಡೇ ನಿಮಿಷಕ್ಕೆ ಎಸಿ ಉದ್ದಕ್ಕೆ ಒಂದು ಉಸಿರು ಬಿಟ್ಟು ನಿಂತುಹೋಯಿತು, ಕೊನೆಯುಸಿರಿನ ಹಾಗೆ. ಹುಡುಗಿ ಮೊಬೈಲ್ ಎತ್ತಿ ತೋರಿಸಿದಳು.

"ನೋಬಡಿ ಈಸ್ ಹೋಮ್, ಅಂಕಲ್."

ಅತ್ತೆ ಸೆರಗು ಹೊದ್ದುಕೊಂಡು ಪಿಸುಗುಟ್ಟಿದರು: "ಕೇಳಿದಿರಾ ಮೇಸ್ತ್ರಿಗಳೇ? ದಿನಾ ಹೀಗೇ. ನಾವು ಐದು ಜನ ಇದ್ದೇವಲ್ಲ, ಇದರ ಲೆಕ್ಕದಲ್ಲಿ ಯಾರೂ ಇಲ್ಲವಂತೆ. ಇದಕ್ಕೆ ಮುಂದಿನದ್ದು ಕಾಣುತ್ತದೋ ಎಂತದೋ." ಹೆಂಡತಿ ಬಾಯಿಗೆ ಕೈ ಇಟ್ಟುಕೊಂಡಳು. ಆ ವಾರವೇ ಮನೆ ಖಾಲಿ ಮಾಡುವುದು ಅಂತ ನಿಶ್ಚಯ ಆಗಿತ್ತಂತೆ.

ನನಗೂ ಬೆನ್ನಲ್ಲಿ ಒಂದು ಜಿರಳೆ ಓಡಿದ ಹಾಗಾಯಿತು. ಆದರೂ ಎದ್ದು ಡಬ್ಬಿಯ ಹತ್ತಿರ ಹೋಗಿ ನೋಡಿದರೆ ಕರಿ ಗಾಜಿನ ನಟ್ಟನಡುವೆ ಹಸಿ ಹಸಿ ಗಂಧ, ಅದರ ಮೇಲೆ ಕುಂಕುಮ!

"ಇದು ಯಾರ ಕೆಲಸ?"

"ನನ್ನದೇ" ಅಂದರು ಅತ್ತೆ. "ಹೊಸ ಮೆಷಿನು ಮನೆಗೆ ಬಂದರೆ ಬೊಟ್ಟು ಇಡದೆ ಆಗ್ತದಾ? ದಿನಾ ಸ್ನಾನ ಆದಕೂಡಲೇ ಇಡ್ತೇನೆ. ನಿಮ್ಮ ಕಂಪನಿಯವರು ಬರುವ ದಿನ ಒರೆಸಿಡ್ತೇನೆ. ಬಾಡಿಗೆ ಮನೆ, ಕೊಳಕು ಮಾಡಿದ್ದಾರೆ ಅಂದಾರು ಅಂತ."

ಹೆಬ್ಬೆರಳಿನಲ್ಲಿ ಒರೆಸಿದೆ. ಡಬ್ಬಿ ಪಕ್ಕನೆ ಬೆಳಗಿತು, ಎಸಿ ಉಸಿರಾಡಿತು. ಐದು ಜನಕ್ಕೂ ಜೀವ ಬಂತು. ನಾನು ಚೀಲ ಎತ್ತಿ ಹೊರಟರೆ ಅತ್ತೆ ಬಾಗಿಲಿಗೆ ಅಡ್ಡ ಬಂದರು.

"ಅದು ಕಣ್ಣು ಅಂತ ನನಗೆಂತ ಗೊತ್ತು? ಹಾಗಾದರೆ ಇದರ ಹಣೆ ಎಲ್ಲಿ ಅಂತ ತೋರಿಸಿ ಹೋಗಿ."

ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿ ಬಂದೆ.

೨. ಗಾಜಿನ ಆಚೆಯ ಕೈ

ಎರಡನೆಯದು ಅಬುಧಾಬಿ, ಎಲೆಕ್ಟ್ರಾ ಸ್ಟ್ರೀಟಿನ ಹತ್ತಿರ, ಹದಿನೇಳನೇ ಮಹಡಿ. ಕೊಂಕಣಿ ಮಾತಾಡುವ ಗಂಡ ಹೆಂಡತಿ. ಆಕೆ ನರ್ಸು, ಆತ ಹೋಟೆಲಿನಲ್ಲಿ. ಹೊರಗೆ ಬೆಂಕಿ ಸುರಿಯುವ ಆಗಸ್ಟ್. ಬಾಗಿಲು ತೆರೆದ ನರ್ಸಮ್ಮ ಸ್ವೆಟರು, ಮಂಕಿ ಕ್ಯಾಪು, ಎರಡು ಜೊತೆ ಕಾಲುಚೀಲ ಹಾಕಿದ್ದರು. ಕೊಟ್ಟ ಚಾ ಬಾಯಿಗೆ ಬರುವಷ್ಟರಲ್ಲಿ ಗಟ್ಟಿಯಾಗಿ, ಎರಡನೇ ಗುಟುಕನ್ನು ನಾನು ಅಗಿಯಬೇಕಾಯಿತು. ಸುಳ್ಳಲ್ಲ.

ಗೋಡೆಗಳು ಅಳುತ್ತಿದ್ದವು. ಮೇಲಿನಿಂದ ಕೆಳಗೆ ನೀರು, ಗೆರೆ ಗೆರೆಯಾಗಿ. ಡಬ್ಬಿಯ ಮೇಲೆ ಜಪಸರ ನೇತು ಹಾಕಿದ್ದರು.

"ಚಳಿ ಹೇಗೋ ತಡೀತೇವೆ ಮೇಸ್ತ್ರಿ," ಅಂದ ಗಂಡ, "ಅದನ್ನು ತಡೆಯಲಿಕ್ಕೆ ಆಗೋದಿಲ್ಲ" ಅಂತ ಕಿಟಕಿ ತೋರಿಸಿದ.

ಗಾಜು ಪೂರ್ತಿ ಮಂಜಾಗಿತ್ತು. ಆ ಮಂಜಿನಲ್ಲಿ ಒಂದು ಕೈ. ಐದು ಬೆರಳು, ಅಂಗೈ, ಸ್ಪಷ್ಟ. ನಾನು ಒಳಗಿನಿಂದ ಒರೆಸಿದೆ, ಹೋಗಲಿಲ್ಲ. ಅದು ಇದ್ದದ್ದು ಗಾಜಿನ ಆಚೆ. ಹದಿನೇಳನೇ ಮಹಡಿ. ಆಚೆ ನಿಲ್ಲಲು ಕಾಗೆಗೂ ಜಾಗ ಇಲ್ಲ.

"ದಿನಾ ಹತ್ತು ಗಂಟೆಗೆ ಕಾಣಿಸುತ್ತದೆ" ಅಂದರು ನರ್ಸಮ್ಮ. ಅವರ ಹಲ್ಲು ಕಟಕಟ ಅನ್ನುತ್ತಿತ್ತು, ಚಳಿಗೋ ಹೆದರಿಕೆಗೋ.

ನಾನು ಹೆದರುವ ಜನ ಅಲ್ಲ. ಆ ಕೈಗೆ ಸರಿಯಾಗಿ ನನ್ನ ಕೈ ಒಳಗಿನಿಂದ ಇಟ್ಟೆ. ಬೆರಳಿಗೆ ಬೆರಳು ಕೂಡಿತು. ಆಗ ಮೇಲಿನಿಂದ ಮೆಲ್ಲಗೆ, ಸದ್ದಿಲ್ಲದೆ, ಎರಡು ಕಾಲು ಇಳಿದವು. ಆಮೇಲೆ ಹೊಟ್ಟೆ. ಆಮೇಲೆ ಒಂದು ಮುಖ. ಅದು ನನ್ನನ್ನೇ ನೋಡುತ್ತಾ ಕೈ ಚಾಚಿ, ಸರಿಯಾಗಿ ಆ ಗುರುತಿನ ಮೇಲೆಯೇ, ನನ್ನ ಕೈಗೆ ಕೈ ಒತ್ತಿತು.

"ಸಾಯ್ಬಾ ಭೊಗೊಸ್!" ಅಂತ ದೇವರನ್ನು ಕರೆಯುತ್ತಾ ನರ್ಸಮ್ಮ ಮಂಚ ಹತ್ತಿದರು.

ಕಿಟಕಿ ತೊಳೆಯುವವನು. ಹತ್ತು ಗಂಟೆಯಿಂದ ಹಲವು ಸಲ ಕೆಳಗಿನ ಮಹಡಿಗಳಿಗೆ ಹಗ್ಗದಲ್ಲಿ ಇಳಿಯುವಾಗ ಹಲಗೆ ಅಲ್ಲಾಡದ ಹಾಗೆ ಇದೇ ಗಾಜಿಗೆ ಕೈ ಕೊಟ್ಟು ನಿಲ್ಲಿಸಿಕೊಳ್ಳುತ್ತಿದ್ದ. ಬೇರೆ ಮನೆಯ ಗಾಜಿನಲ್ಲಿ ಗುರುತು ಕಾಣುವುದಿಲ್ಲ. ಈ ಮನೆ ಐಸು ಪೆಟ್ಟಿಗೆ ಆದ್ದರಿಂದ ಹೊರಗೆ ಮಂಜು ಕಟ್ಟಿ ಕಾಣುತ್ತಿತ್ತು.

ಐಸು ಪೆಟ್ಟಿಗೆ ಆದದ್ದು ಯಾಕೆ? ಗಂಡನ ಅಣ್ಣ ಚಳಿ ದೇಶದಲ್ಲಿದ್ದಾನೆ. ಅಲ್ಲಿ ಮನೆ ಬಿಸಿ ಮಾಡಲು ಹಾಕುವ ಡಬ್ಬಿಯನ್ನು ಪ್ರೀತಿಯಿಂದ ತಂದುಕೊಟ್ಟಿದ್ದ. ಯಾರೋ ಅದನ್ನು ಎಸಿಗೆ ಕಟ್ಟಿದ್ದಾರೆ. ಅದು ಪಾಪ, ಮನೆ ತಣ್ಣಗಾದಷ್ಟೂ 'ಅಯ್ಯೋ ಚಳಿ, ಬೆಂಕಿ ಹಾಕಿ' ಅಂತ ಹುಕುಂ ಮಾಡುತ್ತದೆ. ಎಸಿಗೆ ಗೊತ್ತಿರುವುದು ಒಂದೇ ಕೆಲಸ. ಇನ್ನಷ್ಟು ತಣ್ಣಗೆ ಊದುತ್ತದೆ. ಇವರು ಬೆಚ್ಚಗಾಗಲಿ ಅಂತ ನಂಬರು ಏರಿಸುತ್ತಾರೆ, ಅದು ಇನ್ನೂ ಊದುತ್ತದೆ. ಡಬ್ಬಿ ಕಿತ್ತೆ, ಬೇರೆ ಕೂರಿಸಿದೆ.

ಗಂಡ ಮಾತ್ರ ಕಿಟಕಿಯಿಂದ ಕಣ್ಣು ತೆಗೆದಿರಲಿಲ್ಲ. ಕೊನೆಗೆ ಹೆಂಡತಿಗೆ ಅಂದ: "ಇಳಿ ಮಾರಾಯ್ತಿ. ಹೆಲ್ಮೆಟ್ ಹಾಕಿ ಬರುವ ಭೂತ ಯಾರಿಗೂ ತೊಂದರೆ ಕೊಡುವುದಿಲ್ಲ."

೩. ಹಿಡಿದ ಭೂತ

ಮೂರನೆಯದು ದುಬೈಯ ಒಬ್ಬ ವ್ಯಾಪಾರಿ. ಹೆಂಡತಿ ಮಕ್ಕಳು ರಜೆಗೆ ಕಾರ್ಕಳಕ್ಕೆ ಹೋಗಿದ್ದರು. ಈತ ಮಧ್ಯಾಹ್ನ ಅಂಗಡಿ ಬಿಟ್ಟು, ಗೆಳೆಯರನ್ನು ಕರೆದು ಇಸ್ಪೀಟು ಹರಡಿದರೆ ಸಾಕು, ಕೋಣೆ ಒಲೆಯಾಗುತ್ತದೆ. ಗೆಳೆಯರು ಬೆವರಿ ಎದ್ದು ಹೋದ ಕೂಡಲೇ ತಾನಾಗಿ ತಂಪು. ಈತ ಒಬ್ಬನೇ ಮಲಗಿದರೆ ತಾಯಿ ಮಡಿಲಿನ ಹಾಗೆ ತಂಪು.

"ಕಣ್ಣೆದುರೇ ನಂಬರು ಏರ್ತದೆ ಮಾರಾಯ್ರೆ, ಯಾರೂ ಮುಟ್ಟುವುದಿಲ್ಲ" ಅಂದ. ನಾನಿದ್ದಾಗಲೇ ಗೆಳೆಯರನ್ನು ಕರೆದು ಎಲೆ ಹರಡಿದ. ಇಪ್ಪತ್ತೆರಡು ಇದ್ದದ್ದು ಇಪ್ಪತ್ತೈದು. ಇಪ್ಪತ್ತೆಂಟು. ಒಂದೊಂದು ನಂಬರಿಗೂ ಟಿಕ್ ಅಂತ ಸಣ್ಣ ಸದ್ದು, ಕಾಣದ ಬೆರಳು ಒತ್ತಿದ ಹಾಗೆ. ಆತನ ಮುಖ ಬಿಳಿಚಿತು.

"ಈ ಡಬ್ಬಿಯ ಪಾಸ್‌ವರ್ಡ್ ಬೇರೆ ಯಾರ ಹತ್ತಿರ ಉಂಟು?" ಅಂದೆ.

"ಯಾರ ಹತ್ತಿರವೂ ಇಲ್ಲ. ಹೆಂಡತಿಯ ಮೊಬೈಲಿನಲ್ಲಿ ಮಾತ್ರ."

ನನಗೆ ವಿಷಯ ತಿಳಿಯಿತು. ಆದರೆ ಸಂಸಾರ ಒಡೆಯುವ ಪಾಪ ನನಗೆ ಯಾಕೆ?

"ಹೆಣ್ಣು ಭೂತ" ಅಂದೆ. "ಕೇಡು ಬಯಸುವುದಲ್ಲ. ಇಸ್ಪೀಟು ಬಿಟ್ಟರೆ ತಂಪಾಗಿರುತ್ತದೆ."

"ಬಿಡಿಸಲಿಕ್ಕೆ ಆಗ್ತದಾ ಮೇಸ್ತ್ರಿ?"

"ಸಾಧ್ಯವೇ ಇಲ್ಲ. ಅಗ್ನಿಸಾಕ್ಷಿಯಾಗಿ ಹಿಡಿದದ್ದು."

೪. ಮೂವತ್ತೇಳು

ಉಳಿದದ್ದು ಒಂದು. ತಿಂಗಳು ಮುಗಿಯಲು ನಾಲ್ಕು ದಿನ. ಅಬುಧಾಬಿಯ ಹೊರಗೆ ಒಂದು ವಿಲ್ಲಾ. ಯಜಮಾನರು ಬೇಸಿಗೆಗೆ ಪರದೇಶದಲ್ಲಿ. ಒಳಗೆ ಜನ ಹೋದರೂ ಎಸಿ ಚಾಲೂ ಆಗುವುದಿಲ್ಲ ಅಂತ ಕಂಪ್ಲೇಂಟ್. ಮೂವರು ಟೆಕ್ನಿಷಿಯನ್ನರು ಹೋಗಿ ಬಂದಿದ್ದರು. ಮ್ಯಾನೇಜರ್ ಆಫೀಸಿನಲ್ಲಿ ಕೂತು, ಯಜಮಾನರು ಕೊಟ್ಟ ಪಾಸ್‌ವರ್ಡಿನಿಂದ ಮೊಬೈಲಿನಲ್ಲಿ ನೋಡಿದರೆ ಆ ಹೊತ್ತಿಗೆ ಮನೆಯಲ್ಲಿ ಯಾರೂ ಇಲ್ಲ. "ಹೋಗದೆ ಹೋದೆ ಅಂತೀರಾ?" ಅಂತ ಮೂವರಿಗೂ ವಾರ್ನಿಂಗ್ ಲೆಟರ್. ಅವರು ಅಳುತ್ತಾ ನನಗೆ ಹೇಳಿದ್ದರು: "ನಾವು ಹೋಗಿದ್ದೆವು ಮೇಸ್ತ್ರಿ. ಆ ಮನೆ ಒಳಗೆ ಹೋದವರನ್ನು ಇಲ್ಲ ಮಾಡುತ್ತದೆ."

ನಾನು ಅಲ್ ಮೀನಾ ಮಾರ್ಕೆಟಿಗೆ ಹೋಗಿ, ಊಟಕ್ಕೆ ಒಂದು ದೊಡ್ಡ ಅಂಜಲ್ ಮೀನು ಐಸಿನಲ್ಲಿ ಹಾಕಿಸಿಕೊಂಡು ವಿಲ್ಲಾಕ್ಕೆ ಹೋದೆ. ಸರಿಯಾಗಿ ಹನ್ನೆರಡು ಗಂಟೆ. ನಮ್ಮ ಕಡೆ ನಡುಹಗಲಿಗೆ ಒಬ್ಬನೇ ಗುಡ್ಡೆಗೆ ಹೋಗಬಾರದು ಅಂತಾರೆ. ಯಾಕೆ ಅಂತ ಅಲ್ಲಿ ಗೊತ್ತಾಯಿತು. ಬೀದಿಯಲ್ಲಿ ಒಂದು ಬೆಕ್ಕು ಇಲ್ಲ, ನೆರಳು ಇಲ್ಲ. ಒಳಗೆ ಪರದೆ ಎಳೆದು ಅರೆಗತ್ತಲು. ಸೋಫಾ, ಕುರ್ಚಿ, ಕನ್ನಡಿ ಎಲ್ಲದಕ್ಕೂ ಬಿಳಿ ಬಟ್ಟೆ ಹೊದಿಸಿದ್ದರು, ಜನ ಮುಸುಕು ಹಾಕಿ ಕೂತ ಹಾಗೆ. ಮೀನಿನ ಚೀಲ ಬಾಗಿಲ ಬಳಿ ಇಟ್ಟು ಡಬ್ಬಿಯ ಎದುರು ನಿಂತೆ. ಡಬ್ಬಿ ಸತ್ತ ಹಾಗಿತ್ತು. ಮೂಲೆಯಲ್ಲಿ ಸಣ್ಣಗೆ ಮೂವತ್ತೇಳು ಅಂತ ನಂಬರು ಮಾತ್ರ.

ಫೋನು ಬಂತು. ಮ್ಯಾನೇಜರ್. "ಎಲ್ಲಿದ್ದೀರಿ?"

"ಒಳಗಿದ್ದೇನೆ ಸಾರ್."

"ಮನೆಯಲ್ಲಿ ಯಾರೂ ಇಲ್ಲ ಮೇಸ್ತ್ರಿ."

"ಡಬ್ಬಿಯ ಎದುರೇ ನಿಂತಿದ್ದೇನೆ ಸಾರ್!"

"ಈ ವಯಸ್ಸಿನಲ್ಲಿ ನೀವೂ ಸುಳ್ಳು ಹೇಳ್ತೀರಾ?"

ಕೈ ಬೀಸಿದೆ. ಕುಣಿದೆ. ಯಕ್ಷಗಾನದ ಬಣ್ಣದ ವೇಷದವರ ಹಾಗೆ ಅಬ್ಬರಿಸಿ ಮೂರು ಸುತ್ತು ಗಿರಕಿ ಹೊಡೆದೆ. ಬೆವರು ಕಣ್ಣಿಗಿಳಿಯಿತು. ಡಬ್ಬಿ ನನ್ನನ್ನು ದಾಟಿ ಹಿಂದಿನ ಗೋಡೆಯನ್ನು ನೋಡುವ ಹಾಗೆ ಸುಮ್ಮನಿತ್ತು.

"ಯಾರೂ ಇಲ್ಲ" ಅಂದರು ಮ್ಯಾನೇಜರ್, ಮತ್ತೊಮ್ಮೆ.

ಆಗ ನನಗೆ ಜೀವಮಾನದಲ್ಲಿ ಮೊದಲ ಸಲ ಹೆದರಿಕೆ ಆಯಿತು. ಸತ್ತವರಿಗೆ ತಾವು ಸತ್ತದ್ದು ಮೂರು ದಿನ ಗೊತ್ತಾಗುವುದಿಲ್ಲ ಅಂತ ನನ್ನ ಅಮ್ಮ ಹೇಳುತ್ತಿದ್ದರು. ಮನೆಯೊಳಗೇ ಓಡಾಡುತ್ತಾರಂತೆ, ಯಾರ ಕಣ್ಣಿಗೂ ಬೀಳದೆ. ನೆರಳು ನೋಡಿದೆ. ಅರೆಗತ್ತಲಲ್ಲಿ ಇರಲಿಲ್ಲ. ಪಾದ ನೋಡಿದೆ, ಹಿಮ್ಮಡಿ ಹಿಂದೆಯೇ ಇತ್ತು, ಅಷ್ಟು ಸಮಾಧಾನ. ಕಿವಿಯ ತುದಿ ಹಿಡಿದೆ. ಅದು ಬಿಸಿಯೂ ಅನ್ನಲಿಲ್ಲ, ತಂಪೂ ಅನ್ನಲಿಲ್ಲ. ನಾನು ಎಲ್ಲಿ ಮುಗಿಯುತ್ತೇನೆ, ಮನೆ ಎಲ್ಲಿ ಶುರು ಅಂತ ಚರ್ಮಕ್ಕೆ ತಿಳಿಯಲಿಲ್ಲ.

ವೀಸಾ ಹೋದರೆ ಹೋಗಲಿ, ಜೀವ ಉಳಿದರೆ ಸಾಕು ಅಂತ ಬಾಗಿಲಿಗೆ ಓಡಿದೆ. ಅಷ್ಟರಲ್ಲಿ ಮೀನು ಹಾಳಾದೀತು ಅಂತ ನೆನಪಾಯಿತು. ಅಡಿಗೆಮನೆಯ ಫ್ರಿಡ್ಜಿನಲ್ಲಾದರೂ ಇಡುವ ಅಂತ ಅಂಜಲನ್ನು ಚೀಲದಿಂದ ತೆಗೆದು, ಮಗುವನ್ನು ಎತ್ತಿದ ಹಾಗೆ ಎದೆಗೆ ಅವಚಿಕೊಂಡು ಡಬ್ಬಿಯ ಎದುರು ಹಾದೆ.

ಡಬ್ಬಿ ಝಗ್ ಅಂತ ಬೆಳಗಿತು. ಎಸಿ ಗುಡುಗಿತು. ಮುಸುಕಿನ ಬಟ್ಟೆಗಳೆಲ್ಲ ಒಮ್ಮೆಲೇ ಎದ್ದು ನಿಲ್ಲುವ ಹಾಗೆ ಅಲ್ಲಾಡಿದವು.

"ಹಾಂ!" ಅಂದರು ಜೇಬಿನ ಫೋನಿನಿಂದ ಮ್ಯಾನೇಜರ್. "ಈಗ ಬಂದಿರಿ ನೋಡಿ! ಈಗ ಚೆಂದ ಕಾಣ್ತೀರಿ!"

ಮೀನು ಕೆಳಗಿಟ್ಟೆ. ಮತ್ತೆ ನಾನಿಲ್ಲ. ಮೀನು ಎತ್ತಿದೆ. ಇದ್ದೇನೆ. ಆಗ ತಿಳಿಯಿತು. ಆ ಕಣ್ಣಿಗೆ ಮುಖ ಕಾಣುವುದಿಲ್ಲ, ಬಿಸಿಯ ವ್ಯತ್ಯಾಸ ಮಾತ್ರ ಕಾಣುತ್ತದೆ. ಬಂದ್ ಮಾಡಿದ ಮನೆ ಕಾದು ಕಾದು ಮನುಷ್ಯನ ಮೈಯಷ್ಟೇ ಬಿಸಿಯಾಗಿದೆ. ಇದ್ದಲಿನ ರಾಶಿಯಲ್ಲಿ ಕರಿ ಬೆಕ್ಕು ಹುಡುಕಿದ ಹಾಗೆ ಅದರ ಪಾಡು. ಸರ್ಟಿಫಿಕೇಟ್ ಇದ್ದವರಿಗೆ ಹೊಳೆಯದ್ದು ನನಗೆ ಹೊಳೆಯಿತು. ಖಾಲಿ ಮನೆಯನ್ನೂ ಮೂವತ್ತು ದಾಟಲು ಬಿಡಬಾರದು ಅಂತ ಡಬ್ಬಿಗೆ ಕಲಿಸಿ, ಬೀಗ ಹಾಕಿ ಬಂದೆ.

ಮಾರನೇ ದಿನ ಮ್ಯಾನೇಜರ್ ಮೊದಲು ಮೂವರ ವಾರ್ನಿಂಗ್ ಲೆಟರ್ ಹರಿದರು. ಆಮೇಲೆ ನನ್ನ ಕಾಗದಕ್ಕೆ ಸಹಿ ಹಾಕಿದರು.

"ಎರಡು ವರ್ಷ, ಮೇಸ್ತ್ರಿ. ನ್ಯಾಯವಾಗಿ ನೋಡಿದರೆ ಈ ವೀಸಾ ಸಿಗಬೇಕಾದದ್ದು ಮೀನಿಗೆ."

"ಅದರ ವೀಸಾ ನಿನ್ನೆಯೇ ಕ್ಯಾನ್ಸಲ್ ಆಯ್ತು ಸಾರ್. ಪುಳಿಮುಂಚಿ ಸಾರು ಮಾಡಿ ಉಂಡೆ."

ಅವರು ನಕ್ಕರು. ನಗುತ್ತಲೇ ಮೊಬೈಲ್ ನೋಡಿದರು. ನಗು ನಿಂತಿತು.

"ನಿನ್ನೆ ನೀವು ಬೀಗ ಹಾಕಿ ಹೊರಟದ್ದು ಎಷ್ಟು ಗಂಟೆಗೆ?"

"ಎರಡಕ್ಕೆ."

"ನಾಲ್ಕರವರೆಗೂ ಮನೆಯಲ್ಲಿ ಜನ ಇದ್ದಾರೆ ಅಂತ ತೋರಿಸ್ತದಲ್ಲ ಮೇಸ್ತ್ರಿ? ಒಬ್ಬರಲ್ಲ, ಕೋಣೆಗೊಬ್ಬರು."

ನಾನು ಸಹಿಯ ಮೇಲೆ ಊದಿದೆ. ಶಾಯಿ ಒಣಗಿತ್ತು. ಕಾಗದ ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಳಿಸಿದೆ.

"ಅದು ಹೊಸ ಕಂಪ್ಲೇಂಟ್ ಸಾರ್" ಅಂದೆ. "ನಿಧಾನಕ್ಕೆ ನೋಡುವ. ಎರಡು ವರ್ಷ ಇದೆಯಲ್ಲ."