ಬಾಲ ಹಿಡಿದ ಮೇಷ್ಟ್ರು

ಜಗಳಕ್ಕೆ ಕಾರಣ ಒಂದು ಹರಕು ಕೈಚೀಲ. ಹಲ್ಲಿನ ಡಾಕ್ಟರ ಬಾಗಿಲಲ್ಲಿ ಅದು ಸಾಲಿನಲ್ಲಿ ಕೂತಿತ್ತು. ಅದರ ಯಜಮಾನ ಎಲ್ಲೋ ಕಾಫಿ ಕುಡಿಯುತ್ತಿದ್ದ. ಅದರ ಹಿಂದೆ ಒಂದು ಕೊಡೆ, ಒಂದು ಟವೆಲ್ಲು, ಯಾರದೋ ಎಡಗಾಲಿನ ಚಪ್ಪಲಿ. ಇವೆಲ್ಲದರ ಹಿಂದೆ, ಊದಿದ ಕೆನ್ನೆ ಹಿಡಿದುಕೊಂಡು, ಇಂಗ್ಲಿಷ್ ಮೇಷ್ಟ್ರು. ರಾತ್ರಿಯೆಲ್ಲ ಕಣ್ಣು ಮುಚ್ಚಿರಲಿಲ್ಲ. ಇವತ್ತು ಆ ದವಡೆಹಲ್ಲು ಕೀಳಿಸದಿದ್ದರೆ ಇನ್ನೊಂದು ರಾತ್ರಿ ಕಳೆಯುವ ಧೈರ್ಯ ಅವರಿಗಿರಲಿಲ್ಲ. ಮೊದಲೇ ಮೂಗಿನ ತುದಿಯಲ್ಲಿ ಕೋಪ, ಮೇಲೆ ಹಲ್ಲುನೋವು, ಕೇಳಬೇಕೆ?

"ಇದೇನು ಕ್ಯೂವೋ ಗುಜರಿ ಅಂಗಡಿಯೋ?" ಎಂದು ಚೀಲವನ್ನು ಒದ್ದರು.

ಮುಂದಿದ್ದ ಟೈಲರು ಚೀಲದ ಪರ ವಕಾಲತ್ತಿಗೆ ನಿಂತ. ಇಲ್ಲಿ ಮೊದಲಿನಿಂದಲೂ ಹೀಗೇ, ಸಾಮಾನು ಇಟ್ಟರೆ ಮನುಷ್ಯ ನಿಂತ ಲೆಕ್ಕ, ಕ್ಯೂ ಅಂದರೆ ಅಷ್ಟೇ ತಾನೇ ಎಂದ.

ಜೀವಮಾನವಿಡೀ ಪದಗಳ ಹುಟ್ಟು ಪಾಠ ಮಾಡಿದವರಿಗೆ ಈ ಮಾತು ಕೇಳಿ ಮೈಯೆಲ್ಲ ಉರಿಯಿತು.

"ಕ್ಯೂ ಅಂದ್ರೆ ಬಾಲ ಕಣಯ್ಯ. ಫ್ರೆಂಚರು ಬಾಲಕ್ಕೆ ಹಾಗಂತಾರೆ. ಆಮೇಲೆ ಗಂಡಸರ ಜಡೆಗೂ ಅದೇ ಹೆಸರಾಯ್ತು, ಕೊನೆಗೆ ಹೀಗೆ ಒಬ್ಬರ ಹಿಂದೊಬ್ಬರು ನಿಲ್ಲೋದಕ್ಕೂ ಬಂತು. ಬಾಲ ಅಂದ್ಮೇಲೆ ಮೈಗೆ ಅಂಟಿಕೊಂಡಿರಬೇಕು. ಬಾಲ ಇಲ್ಲಿಟ್ಟು ಕಾಫಿಗೆ ಹೋಗೋ ಎಮ್ಮೆ ಎಲ್ಲಾದ್ರೂ ನೋಡಿದ್ದೀಯಾ?"

ಜಡೆಯ ವಿಷಯ ಸುಳ್ಳು ಎಂದ ಒಬ್ಬ ಕ್ಷೌರಿಕ. ತನ್ನ ಕಸುಬಿನಲ್ಲಿ ಆ ಮಾತು ಕೇಳಿಯೇ ಇಲ್ಲವಂತೆ. ಹಾಗಾದರೆ ಈ ಬಾಲಕ್ಕೆ ತಲೆ ಯಾರು ಎಂದು ಕೊನೆಯಲ್ಲಿದ್ದ ಅಜ್ಜಿ ವಿಚಾರಿಸಿದರು. ಮೇಷ್ಟ್ರಿಗೆ ಪಿತ್ತ ನೆತ್ತಿಗೇರಿತು. ತಮ್ಮ ಜಾಗ ಬಿಟ್ಟು ಬಾಗಿಲಿಗೇ ಹೋಗಿ ನಿಂತು ಚೀಲ, ಕೊಡೆ, ಟವೆಲ್ಲು, ಚಪ್ಪಲಿ ಎಲ್ಲವನ್ನೂ ಬೀದಿಗೆಸೆದರು. ಜಾಗ ಬಿಟ್ಟವರೆಲ್ಲ ಕೊನೆಗೆ ಹೋಗಬೇಕು ಎಂದು ಗುಡುಗಿದರು.

ಗಲಾಟೆಗೆ ಹೊರಬಂದ ಕಾಂಪೌಂಡರ್ ಮೇಷ್ಟ್ರನ್ನು ನೋಡಿ ಕೈಮುಗಿದ. ಇಂಥ ಒಬ್ಬರು ಬೇಕಾಗಿತ್ತು ಎಂದು ಬಾಗಿಲನ್ನು ಅವರಿಗೊಪ್ಪಿಸಿ ಒಳಗೆ ನಡೆದ. ಮೇಷ್ಟ್ರು ಕೆಂಗಣ್ಣು ಬಿಟ್ಟುಕೊಂಡೇ ಒಬ್ಬೊಬ್ಬರನ್ನಾಗಿ ಒಳಗೆ ಬಿಟ್ಟರು. ಅವರ ಮುಂದೆ ಯಾರೂ ಬಾಲ ಬಿಚ್ಚಲಿಲ್ಲ. ಟೈಲರು ಹೋದ, ಕ್ಷೌರಿಕ ಹೋದ, ಅಜ್ಜಿಯೂ ಹೋಗಿ ಕಟ್ಟಿಸಿಕೊಂಡ ಹಲ್ಲು ತೋರಿಸುತ್ತ ಬಂದರು. ನಡುವೆ ನುಗ್ಗಲು ಮೇಷ್ಟ್ರಿಗೂ ಆಸೆಯಾಯಿತು. ಆದರೆ ಜಾಗ ಬಿಟ್ಟವರಲ್ಲಿ ಅವರೂ ಒಬ್ಬರು. ಕಾಫಿ ಕುಡಿದು ಬಂದು ಸಾಲಿನ ಕೊನೆಗೆ ನಿಂತಿದ್ದ ಚೀಲದ ಯಜಮಾನನನ್ನೂ ಹಲ್ಲು ಕಚ್ಚಿಕೊಂಡೇ ಒಳಗೆ ಕಳಿಸಿದರು.

ಕಡೆಗೆ ತಾವು ಒಳಗೆ ಕಾಲಿಟ್ಟಾಗ ಡಾಕ್ಟರು ಕೋಟು ಕಳಚುತ್ತಿದ್ದರು.

"ಇವತ್ತಿಗೆ ಮುಗೀತು ಮೇಷ್ಟ್ರೇ, ನಾನು ಊರಿಗೆ ಹೊರಟೆ. ನಿಮ್ಮ ದನಿ ಒಳಗೆಲ್ಲ ಕೇಳಿಸ್ತಿತ್ತು. ಅಷ್ಟು ದೊಡ್ಡದಾಗಿ ಬಾಯಿ ತೆಗೀತೀರಿ ಅಂದ್ರೆ ಹಲ್ಲಿಗೆ ಅವಸರ ಏನಿಲ್ಲ. ನಾಡಿದ್ದು ಬಂದ್ಬಿಡಿ, ಸ್ವಲ್ಪ ಬೇಗ. ಕಾಂಪೌಂಡರ್ ರಜ, ಬಾಗಿಲು ನೋಡ್ಕೊಳ್ಳೋಕೆ ಯಾರೂ ಇಲ್ಲ."

ಮೇಷ್ಟ್ರಿಗೆ ಅರಚಬೇಕೆನಿಸಿತು. ಆದರೆ ಬೆಳಗಿನಿಂದ ಕೂಗಿ ಕೂಗಿ ದವಡೆ ಊದಿ ಬಿಗಿದುಕೊಂಡಿತ್ತು, ಬಾಯಿ ತೆರೆಯಲಿಲ್ಲ. ಮೌನವನ್ನು ಒಪ್ಪಿಗೆಯೆಂದೇ ತಿಳಿದ ಡಾಕ್ಟರು ಬೀಗದ ಕೈಯನ್ನೂ ಅವರಿಗೇ ಕೊಟ್ಟು ಹೊರಟರು.