ಮಿಲಿಟರಿ ವಿಮಾನಕ್ಕೆ ಕರ್ಪೂರದ ಪೊಟ್ಟಣ

ಪೀಣ್ಯದ ನಮ್ಮ ಕಾರ್ಖಾನೆಯಿಂದ ಯಂತ್ರವೊಂದು ವಿದೇಶಕ್ಕೆ ಹೊರಡುವುದೆಂದರೆ ಮಗಳನ್ನು ಗಂಡನ ಮನೆಗೆ ಕಳಿಸಿದಷ್ಟೇ ಗಂಭೀರ ಕೆಲಸ. ರವಾನೆ ವಿಭಾಗದ ಮುಖ್ಯಸ್ಥನಾದ ನಾನು ಅದರಲ್ಲಿ ಪಳಗಿದವನು. ವಿಭಾಗದಲ್ಲಿ ನಾನೊಬ್ಬನೇ ಇದ್ದೆ ಎನ್ನುವುದು ಬೇರೆ ಮಾತು!

ಆ ಸಲ ಯಂತ್ರವನ್ನು ಒಯ್ಯಲು ಬರುತ್ತಿದ್ದದ್ದು ದೂರದ ದೇಶವೊಂದರ ವಾಯುಪಡೆಯೇ ನಡೆಸುವ ಸರಕು ಸಾಗಣೆ ಕಂಪನಿಯ ವಿಮಾನ. "ಈ ವಿಮಾನ ತಪ್ಪಿದ್ರೆ ಆರ್ಡರೂ ಇಲ್ಲ, ನೀವೂ ಇಲ್ಲ" ಎಂದಿದ್ದರು ಮಾಲೀಕರು.

ನಾಗಸಂದ್ರದ ಸೈಬರ್ ಕೆಫೆಯಲ್ಲಿ ಕೂತು ಆ ಕಂಪನಿಯ ಚರಿತ್ರೆ ಓದಿ ಮಾರುಹೋದೆ. ಯುದ್ಧವಿಲ್ಲದಾಗ ಸೇನೆಯ ವಿಮಾನಗಳು ಸುಮ್ಮನೆ ನಿಂತಿರುತ್ತಿದ್ದವಂತೆ. ರಸ್ತೆಯೇ ಇಲ್ಲದ ಬೆಟ್ಟದೂರುಗಳಿಗೆ ಅವುಗಳಲ್ಲೇ ಔಷಧಿ, ಅಕ್ಕಿ, ಹಸುಗಳನ್ನು ಸಾಗಿಸತೊಡಗಿದರು. ಬರಬರುತ್ತಾ ಅದೇ ಕಂಪನಿಯಾಯಿತು. ಈಗ ಬಾಡಿಗೆಗೆ ಹೂವು, ಹಣ್ಣು ಹೊತ್ತು ದೇಶದೇಶ ಸುತ್ತುತ್ತಾರೆ. ಎಲ್ಲಾದರೂ ಭೂಕಂಪವಾದರೆ ಬಾಡಿಗೆ ಬಿಟ್ಟು ಮೊದಲು ಅಲ್ಲಿಗೆ ಹಾರುತ್ತಾರೆ. ಎಂಥ ಜನ!

ಇದನ್ನೆಲ್ಲ ಹೆಂಡತಿ ಸರಳಾಳಿಗೆ ವರ್ಣಿಸಿದೆ.

"ಅಷ್ಟು ಶಿಸ್ತಿನವರ ಹತ್ರ ನೀವು ಹೋಗ್ತೀರಾ? ದೇವ್ರೇ ಕಾಪಾಡ್ಬೇಕು ಕಣ್ರೀ!"

ದೇವರ ಮಾತು ನನಗೂ ಹಿಡಿಸಿತು. ಪೂಜೆಯಾಗದೆ ನಮ್ಮ ಶೆಡ್ಡಿನಿಂದ ಯಾವ ಯಂತ್ರವೂ ಹೊರಡುವುದಿಲ್ಲ. ಕುಂಕುಮ ಹಚ್ಚಿ ಕಾಯಿ ಒಡೆದರೆ ಮುಗಿಯಿತು. ಆದರೆ ಇದು ಮಿಲಿಟರಿ ವಿಮಾನ, ಅಷ್ಟು ಸಾಲದು! ಯಾರಿಗೂ ಹೇಳದೆ ಯಂತ್ರದ ಪೆಟ್ಟಿಗೆಯೊಳಗೆ ಒಂದು ನಿಂಬೆಹಣ್ಣು, ದೊಡ್ಡದೊಂದು ಕರ್ಪೂರದ ಪೊಟ್ಟಣ ಇಟ್ಟು ಮೊಳೆ ಹೊಡೆದೆ.

ವಿಮಾನ ನಿಲ್ದಾಣದ ಸರಕಿನ ಶೆಡ್ಡಿನಲ್ಲಿ ಸಮವಸ್ತ್ರ ಕಂಡ ಕೂಡಲೇ ಸಲ್ಯೂಟ್ ಹೊಡೆದೆ.

"ಸಾರ್, ಅವ್ರು ಸೆಕ್ಯೂರಿಟಿ" ಎಂದ ನಮ್ಮ ಏಜೆಂಟ್ ನಾಗರಾಜ. "ಏರ್‌ಫೋರ್ಸ್ ಆಫೀಸರ್ ಈ ಕಡೆ ಇದಾರೆ."

ತಿರುಗಿದೆ. ಆಫೀಸರ್ ಹೆಂಗಸು, ಎಕ್ಸ್-ರೇ ಪರದೆ ನೋಡುತ್ತಿದ್ದರು. ಅದರಲ್ಲಿ ಒಂದು ಗುಂಡನೆಯ ವಸ್ತು, ಪಕ್ಕದಲ್ಲಿ ಸಾಲಾಗಿ ಜೋಡಿಸಿದ ಬಿಲ್ಲೆಗಳು. ಇವು ಏನಕ್ಕೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಸುಳ್ಳು ಹೇಳುವವನಲ್ಲ.

"ಫಾರ್ ಫೈರ್, ಮೇಡಂ!" ಎಂದೆ.

ಶೆಡ್ಡು ಖಾಲಿಯಾಯಿತು!

"ಸಾರ್, ದಯವಿಟ್ಟು ಇನ್ಮೇಲೆ ಬಾಯಿ ಬಿಡ್ಬೇಡಿ!" ನಾಗರಾಜ ಕೈಮುಗಿದ. ವಿಮಾನ ಹೊರಡುವ ಹೊತ್ತು ಹತ್ತಿರವಾಗುತ್ತಿತ್ತು. ಮಾಲೀಕರ ಮುಖ ನೆನೆದು ಸುತ್ತಿಗೆ ಕೈಗೆತ್ತಿಕೊಂಡೆ. ಪೆಟ್ಟಿಗೆ ಬಿಚ್ಚಲು ಹೊರಟರೆ, ಭಕ್ತಿಯಿಂದ ನಾನು ಹೊಡೆದ ಮೊಳೆಗಳು ಒಂದೊಂದೂ ಸತಾಯಿಸಿದವು.

ಆಫೀಸರ್ ಕರ್ಪೂರವನ್ನು ಮೂಸಿ ನೋಡಿದರು. ಬಯ್ಯಲಿಲ್ಲ. ಬೇಗ ಬೆಂಕಿ ಹತ್ತುವ ವಸ್ತುವನ್ನು ಹೀಗೆ ಸರಕಿನೊಳಗೆ ಬಚ್ಚಿಡಬಾರದೆಂದು ಮಗುವಿಗೆ ಹೇಳುವಂತೆ ಹೇಳಿ, ಪೊಟ್ಟಣವನ್ನೂ ನಿಂಬೆಹಣ್ಣನ್ನೂ ನನ್ನ ಕೈಗೇ ಕೊಟ್ಟರು. ಅವರ ಸಿಬ್ಬಂದಿ ಪೆಟ್ಟಿಗೆಯನ್ನು ಮತ್ತೆ ಮುಚ್ಚಿ, ತೂಗಿ, ಬಲೆ ಬಿಗಿದು, ಒಂದು ಕೂಗಾಟವೂ ಇಲ್ಲದೆ ವಿಮಾನಕ್ಕೆ ಏರಿಸಿದರು. ಪೆಟ್ಟಿಗೆಗೆ ನಾನು ಹಚ್ಚಿದ್ದ ಕುಂಕುಮವನ್ನು ಮಾತ್ರ ಒರೆಸಲಿಲ್ಲ. ನೋಡಿ ನನ್ನ ಕಣ್ಣು ತುಂಬಿತು. ಹೋಗುವಾಗ ಆಫೀಸರ್ ನನಗೇ ಸಲ್ಯೂಟ್ ಹೊಡೆದರು! ನಾನು ನಿಂಬೆಹಣ್ಣು ಹಿಡಿದ ಕೈಯಲ್ಲೇ ನಮಸ್ಕಾರ ಮಾಡಿದೆ.

ವಿಮಾನ ಹೊತ್ತಿಗೆ ಸರಿಯಾಗಿ ಹಾರಿತು.

ಮನೆಯಲ್ಲಿ ಕಥೆ ಕೇಳಿದ ಸರಳಾ ಪೊಟ್ಟಣ ಕಿತ್ತುಕೊಂಡಳು. "ದೃಷ್ಟಿ ತೆಗೀಬೇಕಾಗಿರೋದು ವಿಮಾನಕ್ಕಲ್ಲ, ನಿಮಗೆ. ಬಾಗ್ಲಲ್ಲಿ ನಿಂತ್ಕೊಳ್ಳಿ!"

ವಾಯುಪಡೆ ಒಲ್ಲೆನೆಂದ ಕರ್ಪೂರ ನನ್ನ ಮುಖದ ಮುಂದೆ ಸುತ್ತಿತು. ಆ ದಿನ ವಿಮಾನ ನಿಲ್ದಾಣದಲ್ಲಿ ಪತ್ತೆಯಾದ ಅಪಾಯಕಾರಿ ಸರಕು ಎರಡು. ಒಂದು ಬಾಗಿಲಲ್ಲೇ ಉರಿದುಹೋಯಿತು. ಇನ್ನೊಂದು ಮಾರನೆಯ ಬೆಳಿಗ್ಗೆ ಬುತ್ತಿ ಹಿಡಿದು ಪೀಣ್ಯಕ್ಕೆ ಕೆಲಸಕ್ಕೆ ಹೋಯಿತು!