ಅಮೃತಸರದಾಗ ಒಂದು ರೊಟ್ಟಿ

ಎಲ್ಲ ಅವಾಂತರಕ್ಕೂ ಕಾರಣವಾದದ್ದು ಒಂದು ರೊಟ್ಟಿ.

ಅಮೃತಸರದ ಸ್ವರ್ಣಮಂದಿರದ ಲಂಗರೆಂಬ ದಾಸೋಹದಲ್ಲಿ ಸೇಡಂನ ಡಿಗ್ರಿ ಕಾಲೇಜೊಂದರ ನಲವತ್ತೊಂದು ವಿದ್ಯಾರ್ಥಿಗಳು ಸಾವಿರಾರು ಜನರ ಸಾಲಿನಲ್ಲಿ ಊಟಕ್ಕೆ ಕೂತಿದ್ದರು. ಸಾಲಿನ ಕೊನೆಗಿದ್ದ ಹಣಮಮ್ಮ ಎರಡೂ ಕೈಯೊಡ್ಡಿ ಇಸಿದುಕೊಂಡ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಸರ್, ಇದು ಒಂದು ಕಡಿ ದಪ್ಪ ಅದ, ಒಂದು ಕಡಿ ತೆಳ್ಳಗದ. ಯಾರೋ ಹೊಸಬರು ಮಾಡ್ಲಿಕತ್ತಾರ."

"ಸುಮ್ನ ಉಣ್ರಿ ಹಣಮಮ್ಮ. ಹನ್ನೆರಡಕ್ಕ ಗಾಡಿ ಅದ," ಅಂದ ರೇವಣಸಿದ್ದ.

ರೇವಣಸಿದ್ದ ಇತಿಹಾಸದ ಉಪನ್ಯಾಸಕ, ಈ ಶೈಕ್ಷಣಿಕ ಪ್ರವಾಸದ ಹೊಣೆ ಹೊತ್ತವ. ಹಣಮಮ್ಮ ಕಾಲೇಜಿನ ಆಯಾ, ಕೋಡ್ಲಾದವಳು. ಹುಡುಗಿಯರ ಮೇಲೆ ಕಣ್ಣಿಡಲೆಂದು ಪ್ರಾಂಶುಪಾಲರು ಅವಳನ್ನು ಕಳಿಸಿದ್ದರು. ಎಂಟು ದಿನದಲ್ಲಿ ಶಿಮ್ಲಾ, ಧರ್ಮಶಾಲಾ, ಡಾಲ್‌ಹೌಸಿ ಮುಗಿದಿದ್ದವು. ಡಾಲ್‌ಹೌಸಿಯಲ್ಲಿ ಚಿಂಚೋಳಿಯ ದೇವಿಕಾ ಅವ್ವನಿಗೆ ತೋರಿಸಲೆಂದು ಬಾಟಲಿಗೆ ಹಿಮ ತುಂಬಿಕೊಂಡಿದ್ದಳು. ಪಠಾಣಕೋಟ್ ಬರುವಷ್ಟರಲ್ಲಿ ಅದು ಬರೀ ನೀರಾಗಿತ್ತು. ಆದರೂ ಅವಳು ಚೆಲ್ಲಿರಲಿಲ್ಲ, ಯಾರಿಗೂ ಕುಡಿಯಲೂ ಕೊಟ್ಟಿರಲಿಲ್ಲ.

ಬೆಟ್ಟಗಳನ್ನು ಕಂಡು ಕೂಗಾಡಿದ್ದ ಹುಡುಗರು ಇಲ್ಲಿ ಮಾತ್ರ ಗಪ್‌ಚಿಪ್ ಆಗಿಬಿಟ್ಟಿದ್ದರು. ಬೆಳಗಿನ ಮಂಜಿನಲ್ಲಿ ಬಂಗಾರದ ಗುಡಿ ನೀರಿನ ಮೇಲೆ ತೇಲುತ್ತಿರುವಂತೆ ಕಂಡಿತ್ತು. ಶಹಾಬಾದ, ವಾಡಿ ಕಡೆಯವರಿಗೆ ಕಲ್ಲು ಹೊಸದಲ್ಲ. ಅವರ ಮನೆಯ ನೆಲ, ಗೋಡೆ, ಅಂಗಳದ ಕಟ್ಟೆ ಎಲ್ಲವೂ ಕಲ್ಲೇ. ಆದರೆ ನೆಲದ ಕಲ್ಲನ್ನು ಮುದುಕರು ಮೊಣಕಾಲೂರಿ, ಕೂಸಿನ ಮೈ ಒರೆಸಿದಂತೆ ಒರೆಸುವುದನ್ನು ಅವರು ಎಂದೂ ಕಂಡಿರಲಿಲ್ಲ. ಎಂಟು ದಿನ ಬಾಯಿ ಮುಚ್ಚದಿದ್ದ ವಾಡಿಯ ಫೈಜಾನ್ ಅರ್ಧ ತಾಸು ಮಾತೇ ಆಡಲಿಲ್ಲ. ರೇವಣಸಿದ್ದ ಗಾಬರಿಯಾಗಿ ಅವನ ಹಣೆ ಮುಟ್ಟಿ ಜ್ವರ ನೋಡಿದ್ದ.

ಊಟ ಮುಗಿದು ಎಲ್ಲರೂ ಬಾಗಿಲಿಗೆ ಬಂದರು. ಹಣಮಮ್ಮ ಇರಲಿಲ್ಲ.

"ಹುಡುಗೇರ್ನ ಕಾಯಾಕ ಬಂದಾಕಿನೇ ಕಳದ್ರ ಹ್ಯಾಂಗ್ರಿ ಸರ್?" ಎಂದು ದೈಹಿಕ ಶಿಕ್ಷಕ ಸುರೇಶಕುಮಾರ ಸೀಟಿ ತೆಗೆದ.

"ಏ, ಇಲ್ಲಿ ಸೀಟಿ ಊದಬ್ಯಾಡ್ರಿ ಮಾರಾಯ್ರ!" ಎಂದು ರೇವಣಸಿದ್ದ ತಡೆದ.

ಸುರೇಶಕುಮಾರ ಸೀಟಿ ಕಿಸೆಗೆ ಹಾಕಿಕೊಂಡು ಹಿಂದಿ ತೆಗೆದ. ಬಾಗಿಲಲ್ಲಿ ನಿಂತ ಬಿಳಿ ಗಡ್ಡದ ಸೇವಾದಾರರಿಗೆ, "ಹಮಾರಾ ಹಣಮಮ್ಮ ಗುಮ್ ಗಯಾ! ತಲೀ ಪೇ ಬಟ್ಟಾ ಹೈ!" ಅಂದ. ಅಲ್ಲಿ ಎಲ್ಲರ ತಲೆಯ ಮೇಲೂ ಬಟ್ಟೆ ಇತ್ತು. ಆ ಅಜ್ಜ ತಾಳ್ಮೆಯಿಂದ ತಮ್ಮ ಪೇಟ ಮುಟ್ಟಿ ನೋಡಿಕೊಂಡರು.

ಕಡೆಗೆ ಶಹಾಬಾದದ ಮಹೆವಿಶ ಮುಂದೆ ಬಂದು ಒಳ್ಳೇ ಉರ್ದುವಿನಲ್ಲಿ ವಿಷಯ ತಿಳಿಸಿದಳು. ಅಜ್ಜ ನಕ್ಕು ಏನೋ ಹೇಳಿದರು.

"ಸರ್, ಇಲ್ಲಿ ಯಾರೂ ಕಳಿಯಲ್ಲಂತ. ಅಡಗೀಮನ್ಯಾಗ ನೋಡ್ರಿ ಅನ್ಲಿಕತ್ತಾರ."

ಅಡುಗೆಮನೆಯ ಬಾಗಿಲಲ್ಲಿ ರೇವಣಸಿದ್ದನ ಕಾಲು ನೆಲಕ್ಕೆ ಅಂಟಿದವು. ಎಮ್ಮೆ ಇಳಿಸಿ ಮೈ ತೊಳೆಯಬಹುದಾದಂಥ ಕಡಾಯಿಗಳಲ್ಲಿ ಬೇಳೆ ಕುದಿಯುತ್ತಿತ್ತು. ನೂರಾರು ಜನ, ಯಾರೂ ಯಾರಿಗೂ ಹುಕುಂ ಮಾಡದೆ, ಕೆಲಸದಲ್ಲಿ ಮುಳುಗಿದ್ದರು. ಅವರ ನಡುವೆ ಹತ್ತಿಪ್ಪತ್ತು ಹೆಂಗಸರು ಒಬ್ಬಳ ಸುತ್ತ ನೆರೆದಿದ್ದರು. ಹಣಮಮ್ಮ ಲಟ್ಟಣಿಗೆ ಬದಿಗಿಟ್ಟು, ಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿ ಪಟಪಟ ಬಡಿದು ಹುಣ್ಣಿಮೆ ಚಂದ್ರನಂತೆ ಮಾಡಿ ಎತ್ತಿ ತೋರಿಸಿದಳು.

"ವಾಹ್ ಮಾತಾಜೀ!"

"ಹಣಮಮ್ಮ, ಏಳ್ರಿ! ಗಾಡಿ ಹೋಗ್ತದ!"

"ಇದೊಂದು ಪರಾತ ಹಿಟ್ಟು ಮುಗಿಸ್ತೀನ್ರಿ ಸರ್."

ಹಿಟ್ಟು ನಾದುವ ಆ ಅಗಲ ಪರಾತ ನಮ್ಮ ಕಡೆಯ ಬಂಡಿಯ ಗಾಲಿಯಷ್ಟಿತ್ತು. ರೇವಣಸಿದ್ದ ಕೈ ಮುಗಿದು, ಗದರಿಸಿ, ಕಡೆಗೆ ಮಹೆವಿಶ, ದೇವಿಕಾ ಇಬ್ಬರನ್ನೂ ಎರಡು ಕಡೆ ರಟ್ಟೆಗೆ ಹಚ್ಚಿ ಅವಳನ್ನು ಎಬ್ಬಿಸಿದ. ಹಿಟ್ಟಿನ ಕೈಯಲ್ಲೇ ಅವಳೂ ಓಡಿದಳು. ಸ್ಟೇಷನ್ನು ಮುಟ್ಟಿದಾಗ ಹನ್ನೆರಡಕ್ಕೆ ಐದು ನಿಮಿಷ.

ಫಲಕದ ಮೇಲೆ ಬರೆದಿತ್ತು: ಮಂಜಿನ ಕಾರಣ ದಿಲ್ಲಿ ಗಾಡಿ ಸಂಜೆ ಆರಕ್ಕೆ ಹೊರಡಲಿದೆ.

ಹಣಮಮ್ಮ ರೇವಣಸಿದ್ದನ ಮುಖ ನೋಡಿದಳು. ಆಮೇಲೆ ಕೈಗಂಟಿದ ಹಿಟ್ಟು ಕೆರೆದುಕೊಂಡಳು. ಅದು ಅವನಿಗೆ ಬೈಗುಳಕ್ಕಿಂತ ಜೋರಾಗಿ ತಟ್ಟಿತು.

"ಆರು ತಾಸು ಈ ಥಂಡ್ಯಾಗ ಏನ್ ಮಾಡೋದ್ರಿ ಸರ್? ತಿರುಗಿ ಅಲ್ಲೇ ಹೋಗಮು," ಎಂದು ಹುಡುಗರು ದುಂಬಾಲು ಬಿದ್ದರು. ಸಾಮಾನು ಸ್ಟೇಷನ್ನಿನಲ್ಲೇ ಇಟ್ಟು ಎಲ್ಲರೂ ಮರಳಿದರು.

"ನಾಲ್ಕೂವರೆಗೆ ಹೊರಡಬೇಕು," ಎಂದು ರೇವಣಸಿದ್ದ ತಾಕೀತು ಮಾಡಿದ. "ಸುರೇಶಕುಮಾರ, ನೀವು ಹುಡುಗರನ್ನ ಕರ್ಕೊಂಡು ಹೋಗ್ರಿ. ಹಣಮಮ್ಮ, ನೀವು ಹುಡುಗೇರ್ನ. ಯಾರಾರ ಹಿಂದ ಉಳದಾರೇನು ನೋಡ್ಕೊಂಡು ನಾ ಬರ್ತೀನಿ."

ಹಣಮಮ್ಮ ನೇರ ಪರಾತದ ಮುಂದೆ ಕೂತಳು. ಫೈಜಾನ್ ನೀರು ಹಂಚಲು ನಿಂತ. ರೇವಣಸಿದ್ದ ಸುಮ್ಮನೆ ಒಂದು ಸುತ್ತು ಹಾಕೋಣವೆಂದು ತಾಟು ತೊಳೆಯುವ ಕಡೆ ಬಂದ.

ಅಲ್ಲಿನ ಸದ್ದೆಂದರೆ ವಾಡಿ ಜಂಕ್ಷನ್ನಿನಲ್ಲಿ ಮೂರು ಗೂಡ್ಸ್ ಗಾಡಿ ಒಮ್ಮೆಲೇ ಹೊರಟಂತೆ. ಸಾವಿರಾರು ಸ್ಟೀಲ್ ತಾಟುಗಳು ಒಂದರ ಮೇಲೊಂದು ಬೀಳುತ್ತಿದ್ದವು. ತೊಟ್ಟಿಯ ಮುಂದಿದ್ದ ಹಿರಿಯರೊಬ್ಬರು ಸರಿದು ಜಾಗ ಕೊಟ್ಟರು. ಬೇಡವೆನ್ನಲು ಭಾಷೆ ಬಾರದೆ ರೇವಣಸಿದ್ದ ಗಡಿಯಾರ ಬಿಚ್ಚಿ ಕಿಸೆಗೆ ಹಾಕಿ ತೋಳು ಮಡಿಚಿದ. ಆ ಹಿರಿಯರು ಲುಧಿಯಾನಾದ ದೊಡ್ಡ ಡಾಕ್ಟರು, ತಿಂಗಳಿಗೊಮ್ಮೆ ತಾಟು ತೊಳೆಯಲು ಬರುತ್ತಾರೆ ಎಂದು ಪಕ್ಕದವನು ಹರಕು ಇಂಗ್ಲಿಷಿನಲ್ಲಿ ಕಿವಿಯಲ್ಲಿ ಕೂಗಿ ಹೇಳಿದ. ಅವರ ಪಕ್ಕ ಒಬ್ಬ ಕೂಲಿಯವ, ಅವನ ಪಕ್ಕ ಒಬ್ಬ ಫೌಜಿ.

ಮನೆಯಲ್ಲಿ ಕುಡಿದ ಚಹಾದ ಕಪ್ಪನ್ನೂ ಎತ್ತಿಡದ ರೇವಣಸಿದ್ದ ಮೊದಲ ತಾಟು ಎತ್ತಿಕೊಂಡ. ಇಪ್ಪತ್ತು ವರ್ಷ ತರಗತಿಯಲ್ಲಿ ಸಮಾನತೆ ಎಂಬ ಪಾಠ ಬರೆಸಿದ್ದ. ಅದು ಹೀಗೆ ಮೊಣಕೈವರೆಗೆ ಒದ್ದೆಯಾಗಿರುತ್ತದೆಂದು ಗೊತ್ತಿರಲಿಲ್ಲ. ಇನ್ನೊಂದು ತಾಟು, ಇನ್ನೊಂದು, ಇನ್ನೊಂದು. ಇಂಥ ಹಗುರ ಮನಸ್ಸು ಅವನಿಗೆ ಹಿಮದ ಬೆಟ್ಟದ ಮೇಲೂ ಆಗಿರಲಿಲ್ಲ.

ತಲೆ ಎತ್ತಿದಾಗ ಹೊರಗೆ ದೀಪ ಹತ್ತಿದ್ದವು. ನೀರಿನಲ್ಲಿ ಬಂಗಾರ ನಡುಗುತ್ತಿತ್ತು. ಅದನ್ನೇ ನೋಡುತ್ತ ನಿಂತವನಿಗೆ ತೊಡೆಯ ಬಳಿ ಕಿಸೆ ನಡುಗುತ್ತಿರುವುದು ತಿಳಿಯಿತು. ಫೋನ್ ತೆಗೆದ. ಸಮಯ ಆರೂ ಮುಕ್ಕಾಲು. ಹಣಮಮ್ಮನ ಕರೆ.

"ಸರ್, ಗಾಡಿ ಬಿಟ್ಟು ಅರ್ಧ ತಾಸ ಮ್ಯಾಲಾಯ್ತು. ಎಲ್ಲ ಮಕ್ಕಳು ಅದಾರ, ನೀವೇನೂ ಚಿಂತಿ ಮಾಡಬ್ಯಾಡ್ರಿ. ನಾ ತಿಳ್ಕೊಂಡೆ ನೀವು ಹುಡುಗರ ಡಬ್ಬ್ಯಾಗ ಅದೀರಂತ. ಅವರು ತಿಳ್ಕೊಂಡಾರ ನಮ್ಮ ಡಬ್ಬ್ಯಾಗ ಅದೀರಂತ. ಖರೇ ಎಲ್ಲಿ ಅದೀರಿ?"

ರೇವಣಸಿದ್ದ ಹೇಳಲೆಂದು ಬಾಯಿ ತೆರೆದ. ಹಿಂದೆ ನೂರು ತಾಟು ಧಡಾರನೆ ತೊಟ್ಟಿಗೆ ಬಿದ್ದವು.

ಅತ್ತ ಹುಡುಗಿಯರ ಡಬ್ಬಿಗೆ ಹುಡುಕಿ ಬಂದಿದ್ದ ಸುರೇಶಕುಮಾರ ಫೋನ್ ಕಸಿದುಕೊಂಡ. "ಏನ್ರಿ ಸರ್, ಭಾಳ ತಾಟಿನ ಸಪ್ಪಳ! ಅಡಗಿ ಡಬ್ಬ್ಯಾಗ ಹೋಗಿ ಆರಾಮ ಕುಂತೀರಿ ಹೌದಲ್ಲೋ? ಹಂಗಾರ ಈ ಕಡಿ ನಲವತ್ಮೂರು ಚಹಾ ಕಳಿಸ್ರಿ!"